ಬಟ್ಟೆ, ಬಣ್ಣ ಮತ್ತು ತವರು: ಆಫ್ರಿಕನ್ ಪ್ರೇರಣೆಯ ಮಿಶ್ರ ಮಾಧ್ಯಮ ಚಿತ್ರಗಳ ಕೆಲವು ಚಾರಿತ್ರಿಕ ನೆಲೆಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಅಮೆರಿಕದ ಕಪ್ಪು ಕಲಾವಿದರೂ ಪಶ್ಚಿಮ ಆಫ್ರಿಕದ ಕಲಾವಿದರೂ ರಚಿಸಿದ ಮಿಶ್ರ ಮಾಧ್ಯಮ ಚಿತ್ರಗಳನ್ನು ಕುರಿತ ಬರಹಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಗಾಢವಾದ ಬಣ್ಣ ಆಫ್ರಿಕನ್ ಮನಸ್ಸಿನ ಸಹಜಗುಣ ಎಂಬುದು ಒಂದು. ಚಿತ್ರಪಟಕ್ಕೆ ಬಟ್ಟೆಯನ್ನು ಅಂಟಿಸುವುದು, ಹೊಲಿಯುವುದು ಮೂಲನಾಡಿನ ನೇಯ್ಗೆಯ ಅಳಿಯದ ನೆನಪು ಎಂಬುದು ಮತ್ತೊಂದು. ಎರಡರಲ್ಲಿಯೂ ಮೆಚ್ಚುಗೆ ಇದೆ. ಆದರೆ ಮಾಡಿದವರ ಆಯ್ಕೆಯನ್ನು, ಓದನ್ನು, ಶ್ರಮವನ್ನು ಅವರ ಕೈಯಿಂದ ಕಸಿದುಕೊಂಡು ರಕ್ತಕ್ಕೆ ಒಪ್ಪಿಸಿಬಿಡುವ ಗುಣವೂ ಈ ಮಾತುಗಳಲ್ಲಿದೆ. ಜಾನಪದ ಅಧ್ಯಯನಕ್ಕೆ ಈ ಸಮಸ್ಯೆ ಹೊಸದಲ್ಲ. ಒಂದೇ ಆಶಯ ಎರಡು ದೂರದ ನಾಡುಗಳಲ್ಲಿ ಕಂಡಾಗ ಅದು ವಲಸೆ ಹೋದದ್ದೋ, ಆಯಾ ನೆಲದಲ್ಲಿ ಬೇರೆಬೇರೆಯಾಗಿ ಹುಟ್ಟಿದ್ದೋ ಎಂದು ಕೇಳುವುದು ಜನಪದ ಕಥೆಗಳ ಅಧ್ಯಯನದಲ್ಲಿ ವಾಡಿಕೆ. ಬಟ್ಟೆಯ ವಿಷಯದಲ್ಲಿ ಆ ಪ್ರಶ್ನೆಯನ್ನು ಅಷ್ಟೇ ಕಟ್ಟುನಿಟ್ಟಾಗಿ ಕೇಳಿದವರು ಕಡಿಮೆ. ಚಿತ್ರದೊಳಗೆ ಬಂದ ಬಟ್ಟೆ ಎಲ್ಲಿಂದ ಬಂತು, ಅದರ ಬಣ್ಣವನ್ನು ಯಾರು ಒದಗಿಸಿದರು, 'ಆಫ್ರಿಕ' ಎಂಬ ಹೆಸರು ಅದಕ್ಕೆ ಯಾವ ದಾರಿಯಲ್ಲಿ ಸೇರಿತು ಎಂಬುದನ್ನು ಕೆಲವು ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ರೊಮೇರ್ ಬಿಯರ್ಡನ್ (1911–1988) 1970ರಲ್ಲಿ ರಚಿಸಿದ 'ಪ್ಯಾಚ್‌ವರ್ಕ್ ಕ್ವಿಲ್ಟ್' ಎಂಬ ಕೃತಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ತೇಪೆಗಳ ಹೊದಿಕೆಯೊಂದರ ಮೇಲೆ ಕಪ್ಪು ಹೆಂಗಸೊಬ್ಬಳ ನಗ್ನ ದೇಹ ಒರಗಿದೆ. ಆಕೆಯ ಮೈಯನ್ನು ಕತ್ತರಿಸಿದ ಕಾಗದದಿಂದಲೂ ಬಣ್ಣದಿಂದಲೂ ರೂಪಿಸಿದ ಕಲಾವಿದ, ಹೊದಿಕೆಗೆ ನಿಜವಾದ ಬಟ್ಟೆಯ ತುಂಡುಗಳನ್ನೇ ಅಂಟಿಸಿದ್ದಾನೆ. ಆಕೆಯ ನಿಲುವಿನಲ್ಲಿ ಪ್ರಾಚೀನ ಈಜಿಪ್ಟಿನ ಉಬ್ಬುಶಿಲ್ಪಗಳ ಪಾರ್ಶ್ವಭಂಗಿ ಕಾಣಿಸುತ್ತದೆ. ಇಲ್ಲಿ ಆಫ್ರಿಕ ಇರುವುದು ದೇಹದ ಭಂಗಿಯಲ್ಲಿ, ಅದೂ ಪುಸ್ತಕ ಮತ್ತು ಸಂಗ್ರಹಾಲಯಗಳ ಮೂಲಕ ಕಲಿತ ಆಫ್ರಿಕ; ಬಟ್ಟೆಯಾದರೋ ಅಮೆರಿಕದ ಮನೆಯ ಹಾಸಿಗೆಯದು. ದಕ್ಷಿಣದ ಉತ್ತರ ಕೆರೊಲಿನಾದಲ್ಲಿ ಹುಟ್ಟಿ ಉತ್ತರದ ನಗರದಲ್ಲಿ ಬೆಳೆದ ಬಿಯರ್ಡನ್‌ಗೆ ತೇಪೆಯ ಹೊದಿಕೆ ಬಾಲ್ಯದ ವಸ್ತು. ಈ ಎರಡು ನೆನಪುಗಳು, ಕಲಿತದ್ದು ಮತ್ತು ಹೊದ್ದದ್ದು, ಒಂದೇ ಪಟದಲ್ಲಿ ಪಕ್ಕಪಕ್ಕ ಮಲಗಿವೆ.

ಇಲ್ಲಿ 'ಕ್ವಿಲ್ಟ್' ಎಂಬುದನ್ನು ಕೌದಿ ಎಂದು ಕರೆಯಬಹುದು. ಅಮೆರಿಕದ ಕೌದಿಯಲ್ಲಿ ಎರಡು ಬಟ್ಟೆಗಳ ನಡುವೆ ಹತ್ತಿಯನ್ನು ತುಂಬುವುದು ಹೆಚ್ಚು. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಬಟ್ಟೆಯೇ ಪದರ ಪದರವಾಗಿ ತುಂಬುತ್ತದೆ. ಅಷ್ಟನ್ನು ಬಿಟ್ಟರೆ ಕೆಲಸದ ಹೃದಯ ಒಂದೇ: ಸವೆದುಹೋದ ಬಟ್ಟೆಯ ಗಟ್ಟಿ ಭಾಗವನ್ನು ಉಳಿಸಿ ಮತ್ತೊಂದರ ಜೊತೆಗೆ ಕೂಡಿಸುವುದು.

ಬಟ್ಟೆ ಚಿತ್ರದೊಳಗೆ ಬಂದ ಕಾಲಕ್ಕೂ ಬಣ್ಣದ ರಸಾಯನಕ್ಕೂ ಸಂಬಂಧವಿದೆ ಎಂಬುದನ್ನು ಕಲಾಚರಿತ್ರೆಗಳು ಸಾಕಷ್ಟು ಒತ್ತಿ ಹೇಳಿಲ್ಲ. ಎಣ್ಣೆಬಣ್ಣ ಬಟ್ಟೆಗೆ ಶತ್ರು. ಲೇಪವಿಲ್ಲದ ಬಟ್ಟೆಯ ಮೇಲೆ ಅದನ್ನು ಹಚ್ಚಿದರೆ ಎಣ್ಣೆ ಒಣಗುತ್ತ ನೂಲನ್ನು ತಿನ್ನುತ್ತದೆ. ವರ್ಷಗಳು ಕಳೆದಂತೆ ಬಣ್ಣದ ಪದರ ಪೆಡಸಾಗಿ, ಮಡಿಸಿದರೆ ಬಿರಿಯುತ್ತದೆ. 1950ರ ದಶಕದ ನಡುವೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣಗಳು ಮಾರುಕಟ್ಟೆಗೆ ಬಂದವು. ಅಕ್ರಿಲಿಕ್ ಬಾಗುತ್ತದೆ, ಬೇಗ ಆರುತ್ತದೆ, ಅದರ ಮಾಧ್ಯಮವೇ ಅಂಟಾಗಿಯೂ ಕೆಲಸಮಾಡುತ್ತದೆ. ಬಣ್ಣ ಬಳಿದ ಪಟವನ್ನು ಸೂಜಿಯಿಂದ ಚುಚ್ಚಿ ಹೊಲಿಯುವುದು, ಸುರುಳಿ ಸುತ್ತಿ ಅಂಚೆಯಲ್ಲಿ ಕಳಿಸುವುದು ಸಾಧ್ಯವಾದದ್ದು ಈ ಬಣ್ಣದಿಂದ. ಬಟ್ಟೆಯ ಮೈವಳಿಕೆ ಬಣ್ಣದ ಗುಣವನ್ನೂ ಬದಲಿಸುತ್ತದೆ. ನುಣುಪಾದ ಪಟದ ಮೇಲಿನ ಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ; ಅದೇ ಕೆಂಪು ಒರಟು ನೇಯ್ಗೆಯ ಮೇಲೆ ಬಿದ್ದಾಗ ನೂಲಿನ ಸಂದುಗಳಲ್ಲಿ ನೆರಳು ನಿಂತು ಬಣ್ಣ ಆಳವಾಗಿ ಕಾಣುತ್ತದೆ. ಗಾಢ ಬಣ್ಣಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಅವು ಕಣ್ಣಿಗೆ ಚುಚ್ಚದೆ ಹೊಂದಿಕೊಳ್ಳುವುದಕ್ಕೆ ಈ ನೆರಳೇ ಬಹುಮಟ್ಟಿಗೆ ಕಾರಣ. ಇದು ಯಾವ ಜನಾಂಗದ ಗುಣವೂ ಅಲ್ಲ, ನೂಲಿನ ಗುಣ.

ಹಾಗಾದರೆ ಆಫ್ರಿಕದ ಬಟ್ಟೆಗಳಲ್ಲಿ ಬಣ್ಣದ ಸ್ಥಾನವೇನು? ಘಾನಾದ ಅಸಾಂಟೆ ಮತ್ತು ಎವೆ ಜನರ ಕೆಂಟೆ ಬಟ್ಟೆ ಇಂದು ಆಫ್ರಿಕದ ಬಣ್ಣಗಾರಿಕೆಗೇ ಸಂಕೇತವಾಗಿ ಹೋಗಿದೆ. ಸುಮಾರು 10 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಕಿರಿದಾದ ಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಆ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಾಗ ಬಟ್ಟೆಯಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿದ್ದ ಡೇನಿಷ್ ವರ್ತಕ ರೋಮರ್ 1760ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ, ಅಸಾಂಟೆ ದೊರೆ ಒಪೊಕು ವಾರೆ ಯುರೋಪಿಯನ್ನರಿಂದ ಬಣ್ಣಬಣ್ಣದ ರೇಷ್ಮೆ ಬಟ್ಟೆಗಳನ್ನು ಕೊಂಡು, ಅವುಗಳ ಎಳೆಗಳನ್ನು ಬಿಚ್ಚಿಸಿ ಹೊಸ ನೇಯ್ಗೆಗೆ ಬಳಸಿಸಿದ ಸಂಗತಿ ದಾಖಲಾಗಿದೆ. ಎಂದರೆ ಕೆಂಟೆಯ ಹೆಸರಾಂತ ಕೆಂಪಿನಲ್ಲಿ ಒಂದು ಪಾಲು ಹಡಗಿನಲ್ಲಿ ಬಂದ ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ ಪಡೆದದ್ದು. ಇದರಿಂದ ಕೆಂಟೆಯ ಆಫ್ರಿಕನ್‌ತನಕ್ಕೆ ಕುಂದೇನೂ ಬರುವುದಿಲ್ಲ. ಅನ್ಯರ ಬಟ್ಟೆಯನ್ನು ಬಿಚ್ಚಿ ತಮ್ಮ ಹಾಸುಹೊಕ್ಕಿಗೆ ಒಗ್ಗಿಸಿದ ಆ ನೇಕಾರರ ಕೆಲಸವೇ ಅದರ ಆಫ್ರಿಕನ್‌ತನ.

ಅರ್ಥದ ವಿಷಯದಲ್ಲಿಯೂ ಎಚ್ಚರ ಬೇಕು. ಗಾಢ ಕೆಂಪನ್ನು ಉಲ್ಲಾಸದ ಬಣ್ಣವೆಂದು ಓದುವುದು ವಿಮರ್ಶಕರಿಗೆ ರೂಢಿಯಾಗಿದೆ. ಆದರೆ ಅಸಾಂಟೆ ಜನರಲ್ಲಿ ಕೆಂಪು, ಕಂದು ಮತ್ತು ಕಪ್ಪು ಸಾವಿನ ಮನೆಯ ಬಣ್ಣಗಳು; ಸೋರೆಯ ಚಿಪ್ಪಿನಲ್ಲಿ ಕೊರೆದ ಅಚ್ಚುಗಳಿಂದ ಮುದ್ರಿಸುವ ಅಡಿಂಕ್ರ ಬಟ್ಟೆ ಮೂಲತಃ ಶೋಕದ ಉಡುಪು. ಸಂತೋಷಕ್ಕೆ ಅಲ್ಲಿ ಬಿಳಿ. ಕಾಂಗೋ ಪ್ರದೇಶದ ಕುಬಾ ಜನರ ರಾಫಿಯಾ ಬಟ್ಟೆಯದೂ ಇಂಥದೇ ಚರಿತ್ರೆ. ತಾಳೆಯ ನಾರನ್ನು ಗಂಡಸರು ನೇಯುತ್ತಾರೆ, ಹೆಂಗಸರು ಅದಕ್ಕೆ ಕಸೂತಿ ಹಾಕಿ ಎಳೆಗಳನ್ನು ಕತ್ತರಿಸಿ ಮಖಮಲ್ಲಿನಂಥ ಮೈವಳಿಕೆ ತರುತ್ತಾರೆ. ಮೃತರ ದೇಹಕ್ಕೆ ಹೊದಿಸಿ ಮಣ್ಣಿಗೆ ಒಪ್ಪಿಸಲು ಈ ಬಟ್ಟೆಗಳು ಬೇಕು. ಕುಬಾ ಹೆಂಗಸರ ಉದ್ದನೆಯ ನಡುವಸ್ತ್ರಗಳ ಮೇಲೆ ಚೆಲ್ಲಿದಂತೆ ಕಾಣುವ ತೇಪೆಯ ಆಕೃತಿಗಳು, ಬಟ್ಟೆಯನ್ನು ಮೆದುಗೊಳಿಸಲು ಕುಟ್ಟುವಾಗ ಬಿದ್ದ ತೂತುಗಳನ್ನು ಮುಚ್ಚುವ ಕೆಲಸದಿಂದ ಬೆಳೆದುವು ಎಂಬುದು ವಿದ್ವಾಂಸರ ಒಂದು ವಿವರಣೆ. ತೇಪೆ ಎಂಬುದು ಕೊರತೆಯನ್ನು ಮುಚ್ಚಲು ಹುಟ್ಟಿ ಅಂದವಾಗಿ ನಿಲ್ಲುವ ಪ್ರಕ್ರಿಯೆ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಅಪರಿಚಿತವಲ್ಲ.

ಅಮೆರಿಕದ ಕಪ್ಪು ಕಲಾವಿದರು ಆಫ್ರಿಕದ ಕಡೆಗೆ ತಿರುಗಿದ್ದು ಒಂದು ಕರೆಗೆ ಓಗೊಟ್ಟು. ಅಲೈನ್ ಲಾಕ್ 1925ರ 'ದಿ ನ್ಯೂ ನೀಗ್ರೋ' ಸಂಕಲನದಲ್ಲಿ, ಪೂರ್ವಜರ ಕಲೆಯನ್ನು ಅಭ್ಯಾಸಮಾಡಿ ಅದರಿಂದ ಶಿಸ್ತನ್ನು ಕಲಿಯಬೇಕೆಂದು ಕಪ್ಪು ಕಲಾವಿದರಿಗೆ ಹೇಳಿದ್ದನು. ಅಮೆರಿಕದ ಕಪ್ಪು ಜನರ ಕಲಾಭಾವಕ್ಕೂ ಆಫ್ರಿಕದ ಕಲಾಭಾವಕ್ಕೂ ನಡುವೆ ಕಡಿದುಹೋದ ಕೊಂಡಿಯಿದೆ ಎಂಬುದನ್ನು ಅವನು ಮರೆಮಾಚಲಿಲ್ಲ. ಕಲಿಯಬೇಕಾದದ್ದು ಎಂದನೇ ಹೊರತು ತಾನಾಗಿಯೇ ಬರುವಂಥದು ಎನ್ನಲಿಲ್ಲ. ಮೂರು ದಶಕಗಳ ಬಳಿಕ ಚಿತ್ರಕಾರ ಜಾನ್ ಬಿಗರ್ಸ್ ಯುನೆಸ್ಕೊ ನೆರವಿನಿಂದ 1957ರಲ್ಲಿ ಪಶ್ಚಿಮ ಆಫ್ರಿಕಕ್ಕೆ ಹೋದದ್ದು ವಿದ್ಯಾರ್ಥಿಯಾಗಿಯೇ. ಹಿಂದಿರುಗಿ ಅವನು ಬಿಡಿಸಿದ ಹ್ಯೂಸ್ಟನ್ನಿನ ಬಡ ಕೇರಿಯ ಮನೆಗಳ ಸಾಲುಗಳು ಕ್ರಮೇಣ ಕೌದಿಯ ತ್ರಿಕೋನಗಳಾಗಿ ಮಾರ್ಪಟ್ಟವು.

1968ರಲ್ಲಿ ಷಿಕಾಗೊ ನಗರದಲ್ಲಿ ಜೆಫ್ ಡೊನಾಲ್ಡ್‌ಸನ್, ವಾಡ್ಸ್‌ವರ್ತ್ ಜ್ಯಾರೆಲ್, ಜೇ ಜ್ಯಾರೆಲ್, ಬಾರ್ಬರಾ ಜೋನ್ಸ್-ಹೋಗು, ಜೆರಾಲ್ಡ್ ವಿಲಿಯಮ್ಸ್ ಸೇರಿ ಕಟ್ಟಿದ 'ಆಫ್ರಿಕೋಬ್ರಾ' ಗುಂಪು ಬಣ್ಣದ ಬಗ್ಗೆ ಬರೆದಿಟ್ಟ ಸೂತ್ರಗಳನ್ನು ಇಟ್ಟುಕೊಂಡಿತ್ತು. ಅವರು ತಮ್ಮ ವರ್ಣಮಾಲೆಗೆ ಕೊಟ್ಟ ಹೆಸರು 'ಕೂಲ್-ಏಡ್' ಬಣ್ಣಗಳು. ಕೂಲ್-ಏಡ್ ಎಂಬುದು ನೀರಿಗೆ ಬೆರೆಸಿ ಕುಡಿಯುವ ಅಗ್ಗದ ಹಣ್ಣಿನ ರುಚಿಯ ಪುಡಿ. ಬಡವರ ಮನೆಗಳಲ್ಲಿ ಮಕ್ಕಳ ತುಟಿಗೆ ಅಂಟುವ ಕಿತ್ತಳೆ, ನಿಂಬೆ, ದ್ರಾಕ್ಷಿ, ಚೆರ್ರಿಯ ಬಣ್ಣ. ಷಿಕಾಗೊದ ಬೀದಿಯಲ್ಲಿ ಆ ಕಾಲದ ಕಪ್ಪು ಯುವಕರು ತೊಡುತ್ತಿದ್ದ ಉಡುಪುಗಳ ಬಣ್ಣವೂ ಅದೇ. ಆಫ್ರಿಕದ ಹೆಸರಿನಲ್ಲಿ ಸಂಘಟಿತವಾದ ಗುಂಪು ತನ್ನ ಗಾಢ ಬಣ್ಣವನ್ನು ಕಿರಾಣಿ ಅಂಗಡಿಯ ಪೊಟ್ಟಣದಿಂದ ಎತ್ತಿಕೊಂಡಿತು, ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿತು. ಸಹಜಗುಣದ ವಾದ ಹೂಡುವವರು ಈ ಹೆಸರನ್ನು ಓದಿಯೂ ಓದದಂತೆ ಮುಂದೆ ಸಾಗುತ್ತಾರೆ. ಇದೇ ಗುಂಪಿನ ಜೇ ಜ್ಯಾರೆಲ್ ಬಟ್ಟೆಯ ಚೂರುಗಳನ್ನು ಗೋಡೆಯ ಇಟ್ಟಿಗೆಗಳಂತೆ ಜೋಡಿಸಿ ಉಡುಪು ಹೊಲಿದು ಅದರ ಮೇಲೆ ಬಣ್ಣದಿಂದ ಬರೆದಳು. ಅದು ಚಿತ್ರವೂ ಹೌದು, ತೊಡುವ ಬಟ್ಟೆಯೂ ಹೌದು.

ಈ ಧಾರೆಯಲ್ಲಿ ಹೆಚ್ಚು ವಿವರವಾಗಿ ನೋಡಬೇಕಾದ ಕಲಾವಿದೆ ಫೇತ್ ರಿಂಗ್‌ಗೋಲ್ಡ್ (1930–2024). ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದವಳು. ತಾಯಿ ವಿಲ್ಲಿ ಪೋಸಿ ಉಡುಪು ವಿನ್ಯಾಸಕಿ. ತಾಯಿಯ ಕಡೆಯ ಪೂರ್ವಿಕಳಾದ ಸೂಸಿ ಷ್ಯಾನನ್ ಗುಲಾಮಗಿರಿಯಲ್ಲಿ ಕೌದಿ ಹೊಲಿದವಳೆಂಬ ನೆನಪು ಮನೆತನದಲ್ಲಿತ್ತು. ಹೀಗೆ ಕೌದಿ ಅವಳಿಗೆ ವಂಶದಿಂದಲೇ ಬಂದದ್ದು ಎಂದು ಹೇಳಿಬಿಡುವುದು ಸುಲಭ. ಆದರೆ ಅವಳ ಕೃತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ದಾರಿ ಅಷ್ಟು ನೇರವಾಗಿಲ್ಲ. ಕಾಲೇಜಿನಲ್ಲಿ ಕಲಿತದ್ದು ಯುರೋಪಿನ ಎಣ್ಣೆಬಣ್ಣದ ಪರಂಪರೆ. 1971ರಲ್ಲಿ ರೈಕರ್ಸ್ ದ್ವೀಪದ ಮಹಿಳಾ ಬಂದೀಖಾನೆಗಾಗಿ ಭಿತ್ತಿಚಿತ್ರ ಬರೆಯುವಾಗ ಪಟವನ್ನು ಎಂಟು ತ್ರಿಕೋನಗಳಾಗಿ ಒಡೆದಳು. ಆ ವಿಭಜನೆ ಮೇಲೆ ಹೇಳಿದ ಕುಬಾ ವಿನ್ಯಾಸದಿಂದ, ಅಭ್ಯಾಸಮಾಡಿ ತಂದದ್ದು. ಬಟ್ಟೆ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಆಮ್‌ಸ್ಟರ್‌ಡ್ಯಾಮಿನಿಂದ. 1972ರಲ್ಲಿ ಅಲ್ಲಿಯ ರೈಕ್ಸ್ ಸಂಗ್ರಹಾಲಯದಲ್ಲಿ ಅವಳು ಟಿಬೆಟ್ ಮತ್ತು ನೇಪಾಳದ ತಂಗ್ಕಾಗಳನ್ನು ಕಂಡಳು. ಬೌದ್ಧ ದೇವತೆಗಳ ಆ ಚಿತ್ರಪಟಗಳಿಗೆ ಮರದ ಚೌಕಟ್ಟಿಲ್ಲ. ಸುತ್ತಲೂ ಜರಿಬಟ್ಟೆಯ ಅಂಚು. ಸುತ್ತಿ ಹೆಗಲಿಗೇರಿಸಿ ಊರಿಂದೂರಿಗೆ ಒಯ್ಯಬಹುದು. ಹಿಂದಿರುಗಿದ ಮೇಲೆ ತನ್ನ ಅಕ್ರಿಲಿಕ್ ಚಿತ್ರಗಳಿಗೆ ಅಂಥದೇ ಬಟ್ಟೆಯ ಅಂಚನ್ನು ತಾಯಿಯಿಂದ ಹೊಲಿಸಿದಳು. ತಾಯಿ ಮಗಳು ಸೇರಿ ಮೊದಲ ಕೌದಿ 'ಎಕೋಸ್ ಆಫ್ ಹಾರ್ಲೆಮ್' ಮಾಡಿದ್ದು 1980ರಲ್ಲಿ. ಮರುವರ್ಷ ತಾಯಿ ತೀರಿಕೊಂಡಳು.

ಮನೆಯಲ್ಲಿಯೇ ಇದ್ದ ಸೂಜಿಯ ಕಡೆಗೆ ಮಗಳು ತಿರುಗಲು ಹಿಮಾಲಯದ ಪಟವೊಂದು ಬೇಕಾಯಿತು. ವಂಶದ ನೆನಪು, ಕಾಂಗೋದ ವಿನ್ಯಾಸ, ಟಿಬೆಟಿನ ಅಂಚು, ಉಡುಪು ವಿನ್ಯಾಸಕಿಯ ವೃತ್ತಿಕೌಶಲ ಇವು ನಾಲ್ಕೂ ಒಂದೊಂದು ಕಾಲದಲ್ಲಿ, ಒಂದೊಂದು ಅಗತ್ಯಕ್ಕಾಗಿ ಬಂದು ಕೂಡಿಕೊಂಡಿವೆ. ಅಗತ್ಯಗಳೂ ಗಮನಾರ್ಹ. ದೊಡ್ಡ ಚೌಕಟ್ಟಿನ ಚಿತ್ರಗಳನ್ನು ಸಾಗಿಸುವುದು ಕಷ್ಟ, ಬಟ್ಟೆಯಾದರೆ ಒಬ್ಬಳೇ ಹೊತ್ತೊಯ್ಯಬಹುದು. ಇನ್ನೊಂದು, ಅವಳು ಬರೆದ ಆತ್ಮಕಥೆಗೆ ಪ್ರಕಾಶಕರು ಸಿಗಲಿಲ್ಲ. 1983ರಿಂದ ಅವಳು ಕಥೆಯನ್ನು ಕೌದಿಯ ಮೇಲೆಯೇ ಬರೆಯತೊಡಗಿದಳು. ಕೌದಿ ಪ್ರದರ್ಶನಕ್ಕೆ ಹೋದರೆ ಕಥೆಯೂ ಹೋಗುತ್ತದೆ, ಅದನ್ನು ಯಾರೂ ತಿರಸ್ಕರಿಸಿ ಹಿಂದೆ ಕಳಿಸುವಂತಿಲ್ಲ.

1988ರ 'ಟಾರ್ ಬೀಚ್' ಈ ಬಗೆಯ ಕಥಾಕೌದಿಗಳಲ್ಲಿ ಹೆಸರಾದದ್ದು. ನಡುವೆ ಅಕ್ರಿಲಿಕ್ ಚಿತ್ರ, ಸುತ್ತ ಹೂವಿನ ಮುದ್ರೆಯ ಬಟ್ಟೆಚೌಕಗಳ ಅಂಚು. ಹಾರ್ಲೆಮ್‌ನ ಮನೆಯೊಂದರ ಮಾಳಿಗೆಯ ಮೇಲೆ, ಬೇಸಿಗೆಯ ರಾತ್ರಿ, ದೊಡ್ಡವರು ಮೇಜಿನ ಸುತ್ತ ಕುಳಿತಿದ್ದಾರೆ. ಕ್ಯಾಸಿ ಎಂಬ ಹುಡುಗಿ ತಮ್ಮನ ಜೊತೆ ಹಾಸಿಗೆಯ ಮೇಲೆ ಮಲಗಿದ್ದಾಳೆ. ಅದೇ ಹುಡುಗಿ ಮೇಲೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ದೀಪಗಳ ಮೇಲಿಂದ ಹಾರುತ್ತಿದ್ದಾಳೆ. ಕಟ್ಟಡ ಕೆಲಸಗಾರನಾದ ಅವಳ ತಂದೆಗೆ ಕಾರ್ಮಿಕ ಸಂಘದಲ್ಲಿ ಪ್ರವೇಶವಿಲ್ಲ. ಆ ಕಟ್ಟಡದ ಮೇಲೆ ಹಾರಿ ಅದನ್ನು ತಂದೆಗೆ ಕೊಡಿಸುತ್ತೇನೆಂಬುದು ಹುಡುಗಿಯ ಎಣಿಕೆ. ಅಮೆರಿಕದ ದಕ್ಷಿಣ ತೀರದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ನಡುವೆ ಪ್ರಚಲಿತವಿದ್ದ ಒಂದು ಐತಿಹ್ಯದಲ್ಲಿ, ಹೊಲದಲ್ಲಿ ದುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಮೇಲೆದ್ದು ಆಫ್ರಿಕಕ್ಕೆ ಹಾರಿಹೋಗುತ್ತಾರೆ. ಕ್ಯಾಸಿಯ ಹಾರಾಟ ಆ ಆಶಯದ ಮುಂದುವರಿಕೆ. ಆದರೆ ದಿಕ್ಕು ಬದಲಾಗಿದೆ: ಅವಳು ಆಫ್ರಿಕಕ್ಕೆ ಹಾರುವುದಿಲ್ಲ, ತನ್ನ ತಂದೆ ಕಟ್ಟಿದ ನಗರದ ಮೇಲೆ ಹಾರುತ್ತಾಳೆ. ಮೌಖಿಕ ಪರಂಪರೆಯ ಕೊಂಡಿ ಇಲ್ಲಿ ನಿಸ್ಸಂದೇಹವಾಗಿದೆ. ಬಟ್ಟೆಯಲ್ಲಿ ಹುಡುಕಿದ ಆಫ್ರಿಕ ಕಥೆಯಲ್ಲಿ ಸಿಗುತ್ತದೆ.

ಬಟ್ಟೆಯ ಕೊಂಡಿಯ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾಗದು. ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಹೊಲಿದ ಬೈಬಲ್ ಕೌದಿಯನ್ನು ಬೆನಿನ್‌ನ ಅಬೊಮೆಯ ತೇಪೆಪಟಗಳ ಜೊತೆ ಹೋಲಿಸುವುದು ಸಾಮಾನ್ಯವಾಗಿದೆ. ಹೋಲಿಕೆ ಕಣ್ಣಿಗೆ ಕಾಣುವಂಥದೇ. ಕೈಯಿಂದ ಕೈಗೆ ದಾಟಿದ ದಾರಿಯ ದಾಖಲೆ ಮಾತ್ರ ಇಲ್ಲ. ಆ ಕೌದಿಗೆ 10 ಡಾಲರ್ ಕೇಳಿದ ಪವರ್ಸ್ ಬಡತನದ ಒತ್ತಡದಿಂದ 1891ರಲ್ಲಿ 5 ಡಾಲರಿಗೆ ಒಪ್ಪಿಕೊಂಡಳು ಎಂಬುದು ದಾಖಲಾಗಿ ಉಳಿದಿದೆ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆಗೇರಿದಾಗ ಅವುಗಳ ಧೈರ್ಯದ ಬಣ್ಣಗಳನ್ನು ಕಂಡು ಆಫ್ರಿಕವನ್ನು ನೆನೆದವರು ಬಹಳ. ಅವುಗಳಲ್ಲಿ ಹಲವು ಕಾರ್ಡುರಾಯ್ ಬಟ್ಟೆಯವು. 1972ರಲ್ಲಿ ಸಿಯರ್ಸ್ ಕಂಪನಿ ಅಲ್ಲಿಯ ಹೆಂಗಸರ ಸಹಕಾರ ಸಂಘಕ್ಕೆ ದಿಂಬಿನ ಗವಸುಗಳನ್ನು ಹೊಲಿಯುವ ಕೆಲಸ ಕೊಟ್ಟಿತ್ತು. ಉಳಿದ ಚೂರುಗಳು ಮನೆಮನೆಯ ಕೌದಿಗೆ ಬಂದವು. ಆ ಹೊಂಬಣ್ಣ, ಆ ಹಸಿರು, ಆ ಕೆಂಪು ಸಿಯರ್ಸ್ ಕಂಪನಿಯ ಆ ವರ್ಷಗಳ ಬಣ್ಣಪಟ್ಟಿಯಿಂದ ಬಂದವು. ಅವುಗಳನ್ನು ಎಲ್ಲಿ ಇಡಬೇಕು, ಸಾಲನ್ನು ಎಲ್ಲಿ ಮುರಿಯಬೇಕು ಎಂಬ ತೀರ್ಮಾನ ಹೆಂಗಸರದು. ಗಾಢ ಬಣ್ಣದ ಮೂಲವನ್ನು ಕುರಿತ ಚರ್ಚೆ ಮೊದಲು ಬಟ್ಟೆಯ ಸರಬರಾಜಿನಿಂದ ಆರಂಭವಾಗಬೇಕು.

ಆಫ್ರಿಕದೊಳಗಿನ ಕಲಾವಿದರು ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಎದುರಿಸಿದರು. ಮಾಲಿ ದೇಶದ ಬಮಾಕೊದಲ್ಲಿ ಕಲಾಶಾಲೆಯ ಆರು ಮಂದಿ ಗೆಳೆಯರು 1978ರಲ್ಲಿ 'ಬೊಗೊಲಾನ್ ಕಸೊಬಾನೆ' ಎಂಬ ಗುಂಪು ಕಟ್ಟಿ, ಆಮದಾದ ಬಣ್ಣ ಮತ್ತು ಕ್ಯಾನ್ವಾಸನ್ನು ಬಿಟ್ಟು ಹಳ್ಳಿಯ ಹೆಂಗಸರ ಕೆಸರುಬಣ್ಣದ ವಿದ್ಯೆಗೆ ಮರಳಿದರು. ಕೈಮಗ್ಗದ ಹತ್ತಿಬಟ್ಟೆಯನ್ನು ಎಲೆಗಳ ಕಷಾಯದಲ್ಲಿ ಅದ್ದಿ ಹಳದಿಯಾಗಿಸಿ, ಹುದುಗಿದ ಕೆಸರಿನಿಂದ ಬರೆದರೆ ಕಬ್ಬಿಣದ ಅಂಶ ಎಲೆಯ ಒಗರಿನೊಂದಿಗೆ ಕೂಡಿ ಕಪ್ಪಾಗುತ್ತದೆ. ಬಮಾನಾ ಹೆಂಗಸರು ಆಕೃತಿಯನ್ನು ಬರೆಯುವುದಿಲ್ಲ. ಅದರ ಸುತ್ತಲಿನ ಹಿನ್ನೆಲೆಯನ್ನು ಕಪ್ಪುಮಾಡುತ್ತ ಆಕೃತಿಯನ್ನು ಉಳಿಸುತ್ತಾರೆ. ಇವರ ಚಿತ್ರಗಳಲ್ಲಿ ಗಾಢತೆಯಿದೆ, ಆದರೆ ಅದು ಮಣ್ಣಿನ ಗಾಢತೆ. ಉಜ್ವಲ ಬಣ್ಣವೇ ಆಫ್ರಿಕದ ಗುರುತು ಎಂಬ ನಂಬಿಕೆಯನ್ನು ಈ ಪಟಗಳು ಸದ್ದಿಲ್ಲದೆ ಅಲ್ಲಗಳೆಯುತ್ತವೆ.

ಲಂಡನ್ನಿನಲ್ಲಿ ಹುಟ್ಟಿ ಲಾಗೋಸ್‌ನಲ್ಲಿ ಬೆಳೆದ ಯಿಂಕಾ ಷೋನಿಬಾರೆ (ಜನನ 1962) ಕಲಾಶಾಲೆಯಲ್ಲಿದ್ದಾಗ, ಅಧ್ಯಾಪಕರೊಬ್ಬರು ಅಪ್ಪಟ ಆಫ್ರಿಕನ್ ಕಲೆಯನ್ನು ಏಕೆ ಮಾಡುವುದಿಲ್ಲವೆಂದು ಕೇಳಿದ್ದರು. ಉತ್ತರಕ್ಕಾಗಿ ಅವನು ಹೋದದ್ದು ಲಂಡನ್ನಿನ ಬ್ರಿಕ್ಸ್‌ಟನ್ ಮಾರುಕಟ್ಟೆಗೆ. ಆಫ್ರಿಕನ್ ಬಟ್ಟೆಯೆಂದು ಅಲ್ಲಿ ಮಾರುತ್ತಿದ್ದ ಮೇಣದ ಮುದ್ರೆಯ ಬಟ್ಟೆ ಹಾಲೆಂಡಿನ ಗಿರಣಿಗಳದು. ಹೆಲ್ಮಂಡ್ ಊರಿನಲ್ಲಿ 1846ರಲ್ಲಿ ಸ್ಥಾಪಿತವಾದ ಕಾರ್ಖಾನೆಯೂ ಅದರಂಥ ಇತರವೂ ಜಾವಾದ ಬಾತಿಕ್ಕನ್ನು ಯಂತ್ರದಲ್ಲಿ ಅನುಕರಿಸಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದಕ್ಕೆ ಗೋಲ್ಡ್ ಕೋಸ್ಟ್‌ನಲ್ಲಿ ಗಿರಾಕಿಗಳು ಸಿಕ್ಕರು. ಮೇಣ ಬಿರಿದು ಬೀಳುವ ಬಣ್ಣದ ಎಳೆಗಳು ಜಾವಾದವರಿಗೆ ದೋಷ. ಪಶ್ಚಿಮ ಆಫ್ರಿಕದವರು ಅದನ್ನೇ ಮೆಚ್ಚಿದರು, ಒಂದೊಂದು ಮುದ್ರೆಗೂ ಗಾದೆಯ ಹೆಸರಿಟ್ಟು ತಮ್ಮದಾಗಿಸಿಕೊಂಡರು. ಷೋನಿಬಾರೆ 1994ರ 'ಡಬಲ್ ಡಚ್' ಕೃತಿಯಲ್ಲಿ ಕ್ಯಾನ್ವಾಸಿನ ಬದಲು ಈ ಬಟ್ಟೆಯನ್ನೇ 50 ಸಣ್ಣ ಚೌಕಟ್ಟುಗಳಿಗೆ ಬಿಗಿದು ಅದರ ಮೇಲೆ ಬಣ್ಣ ಹಾಕಿದನು. ಭಾರತದ ಬಟ್ಟೆಗೂ ಇಂಥ ಪಯಣ ಉಂಟು. ನೈಜರ್ ನದೀಮುಖದ ಕಲಬಾರಿ ಜನರು ದಕ್ಷಿಣ ಭಾರತದ ಚೌಕುಳಿ 'ಮದ್ರಾಸ್' ಬಟ್ಟೆಯನ್ನು 'ಇಂಜಿರಿ' ಎಂದು ಕರೆಯುತ್ತಾರೆ. ಅವರ ಹೆಂಗಸರು ಅದರ ಕೆಲವು ಎಳೆಗಳನ್ನು ಕತ್ತರಿಸಿ ತೆಗೆದು, ಇದ್ದ ವಿನ್ಯಾಸದೊಳಗಿಂದಲೇ ಹೊಸ ವಿನ್ಯಾಸ ಬಿಡಿಸುತ್ತಾರೆ. ಹಾಗೆ ಕಳೆದು ಮಾಡಿದ ಬಟ್ಟೆಗೆ 'ಪೆಲೆಟೆ ಬಿಟೆ' ಎಂದು ಹೆಸರು. ಅದಿಲ್ಲದೆ ಅವರ ಹಿರಿಯರ ಅಂತ್ಯವಿಧಿ ನಡೆಯದು.

ಈ ಚರ್ಚೆ ಕನ್ನಡನಾಡನ್ನು ನೇರವಾಗಿ ಮುಟ್ಟುವುದು ಸಿದ್ದಿಯರ ಕೌದಿಯಲ್ಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರ ಪೂರ್ವಿಕರಲ್ಲಿ ಬಹುಪಾಲು ಪೋರ್ಚುಗೀಸರು ಆಫ್ರಿಕದ ಪೂರ್ವ ತೀರದಿಂದ ಗೋವೆಗೆ ತಂದ ಗುಲಾಮರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಡ್ರೂವಲ್ ಆ ನಂತರದ ವರ್ಷಗಳಲ್ಲಿ ಇಲ್ಲಿಯ ಹೆಂಗಸರ ಕೌದಿಗಳನ್ನು ಅಭ್ಯಾಸಮಾಡಿದರು. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಒಳಕ್ಕೆ ಹೊಲಿಗೆ ಸಾಗುತ್ತದೆ. ನಡುವಿಗೆ ಬಂದಾಗ ಕೌದಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ. ಅವು 'ಫುಲ', ಅವಿಲ್ಲದ ಕೌದಿ ಬೆತ್ತಲೆ ಎಂಬುದು ಹೊಲಿಯುವವರ ಭಾವನೆ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣುವುದುಂಟು.

ಇಲ್ಲಿಯೂ ಗಾಢ ಬಣ್ಣದ ಜೋಡಣೆಯಲ್ಲಿ ಆಫ್ರಿಕವನ್ನು ಕಾಣುವ ಆಸೆ ಸಹಜ. ಆದರೆ ಕೌದಿ ಸಿದ್ದಿಯರದಷ್ಟೇ ಅಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಹಳ್ಳಿಗಳಲ್ಲಿ, ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಅದು ಮನೆಮನೆಯ ವಸ್ತು. ಅಂಚಿನಿಂದ ಒಳಕ್ಕೆ ಸುತ್ತುವ ಹೊಲಿಗೆ ನೆರೆಹೊರೆಯವರಲ್ಲಿಯೂ ಉಂಟು. ಸಿದ್ದಿ ಹೆಂಗಸರ ಜೋಡಣೆಯಲ್ಲಿ ದೊಡ್ಡ ತುಂಡುಗಳ ಎದ್ದುಕಾಣುವ ಎದುರುಬದುರು, ಸಾಲು ತಪ್ಪಿಸುವ ಧೈರ್ಯ ಇರುವುದು ನಿಜ. ಅದನ್ನು ಪೂರ್ವಾಫ್ರಿಕದ ನೆನಪೆಂದು ಹೇಳಬೇಕಾದರೆ ಪೂರ್ವಾಫ್ರಿಕದಲ್ಲಿ ಅದಕ್ಕೆ ಹೊಂದುವ ಮಾದರಿಯನ್ನು ತೋರಿಸಬೇಕಾಗುತ್ತದೆ. ಹೋಲಿಕೆಗೆ ಸಾಮಾನ್ಯವಾಗಿ ತರುವುದಾದರೋ ಸಾವಿರಾರು ಮೈಲಿ ಆಚೆಯ ಪಶ್ಚಿಮ ಆಫ್ರಿಕದ ಪಟ್ಟಿಬಟ್ಟೆಯನ್ನು. ದಮ್ಮಾಮ್ ಕುಣಿತ ಮತ್ತು ವಾದ್ಯದಲ್ಲಿ ಆಫ್ರಿಕದ ಕೊಂಡಿಯನ್ನು ಹುಡುಕಲು ಇದಕ್ಕಿಂತ ಗಟ್ಟಿಯಾದ ಆಧಾರಗಳಿವೆ. ಕೌದಿಯ ಮಟ್ಟಿಗೆ, ಇತರರು ಕಡೆಗಣಿಸಿದ ಒಂದು ಸಮುದಾಯದ ಹೆಂಗಸರು ನೆರೆಯ ವಿದ್ಯೆಯನ್ನು ಕಲಿತು ಅದರಲ್ಲಿ ತಮ್ಮ ಕೈಯ ಗುರುತನ್ನು ಮೂಡಿಸಿದರು ಎಂಬುದೇ ಸದ್ಯಕ್ಕೆ ಸಾಕ್ಷ್ಯಕ್ಕೆ ಒಗ್ಗುವ ವಿವರಣೆ. ಇದು ಅವರ ಸಾಧನೆಯನ್ನು ಕಡಿಮೆಮಾಡುವ ಮಾತಲ್ಲ.

2011ರಲ್ಲಿ ಸಿದ್ದಿಯರ ಕೌದಿಗಳು ಹಾರ್ಲೆಮ್‌ನ ಷೋಂಬರ್ಗ್ ಸಂಶೋಧನ ಕೇಂದ್ರದಲ್ಲಿ ಪ್ರದರ್ಶಿತವಾದುವು. ರಿಂಗ್‌ಗೋಲ್ಡ್ ಹುಟ್ಟಿ ಬೆಳೆದ, ಕ್ಯಾಸಿಯ ಮಾಳಿಗೆಯಿರುವ ಅದೇ ಹಾರ್ಲೆಮ್. ಗುಲಾಮಗಿರಿಯ ಎರಡು ಬೇರೆ ಸಮುದ್ರಗಳನ್ನು ದಾಟಿಬಂದವರ ಮಕ್ಕಳು ಮೊಮ್ಮಕ್ಕಳ ಕೈಕೆಲಸ ಅಲ್ಲಿ ಸಂಧಿಸಿತು. ಗೋಡೆಯ ಮೇಲೆ ಚಿತ್ರಪಟಗಳಂತೆ ನೇತುಹಾಕಿದ್ದ ಆ ಕೌದಿಗಳ ಬಟ್ಟೆ ಯಲ್ಲಾಪುರ, ಮುಂಡಗೋಡದ ಕಡೆಯ ಮನೆಗಳಲ್ಲಿ ಉಟ್ಟು ಸವೆದ ಸೀರೆಗಳದು, ಮಕ್ಕಳ ಅಂಗಿಗಳದು.